ಡ್ರಾಕುಲಾದ ಕೊನೆಯ ಓಟ

ಡಬ್ಲಿನ್‌ನಲ್ಲಿ ಹುಟ್ಟಿದ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಅಂದ್ರೆ ದೆವ್ವದ ಕತೆ ಅಂತಲೇ ಎಲ್ಲರ ಲೆಕ್ಕ. ಈ ಸಲ ಅದರ ಕೊನೆಯ ಅಧ್ಯಾಯಗಳನ್ನು ಮತ್ತೆ ಓದ್ತಾ ಇದ್ದರೆ ನನ್ನ ಕಣ್ಮುಂದೆ ಬಂದದ್ದು ಇಂಡಿಯಾನಾ ಜೋನ್ಸ್ ಸಿನಿಮಾಗಳು. ಮ್ಯಾಪಿನ ಮೇಲೆ ಕೆಂಪು ಗೆರೆ ಓಡುತ್ತಲ್ಲ, ಥೇಟ್ ಅದೇ! ರಕ್ತ ಹೀರುವ ಕೌಂಟ್ ಡ್ರಾಕುಲಾ ಪೆಟ್ಟಿಗೆಯೊಳಗೆ ಅಡಗಿ ಹಡಗಿನಲ್ಲಿ ತನ್ನ ಕೋಟೆಯತ್ತ ಓಡ್ತಾನೆ, ಆರು ಜನ ಅವನ ಬೆನ್ನು ಹತ್ತುತ್ತಾರೆ. ಲಂಡನ್‌ನಿಂದ ಪ್ಯಾರಿಸ್, ಅಲ್ಲಿಂದ ಓರಿಯಂಟ್ ಎಕ್ಸ್‌ಪ್ರೆಸ್ ರೈಲು ಹತ್ತಿ ಕಪ್ಪು ಸಮುದ್ರದ ಬಂದರು ವಾರ್ನಾ. ಅಲ್ಲಿ ಕಾದು ಕೂತರೆ ಹಡಗು ಕೈಕೊಟ್ಟು ಇನ್ನೊಂದು ಬಂದರು ಗಲಾಟ್ಸ್ ಸೇರಿಬಿಟ್ಟಿರುತ್ತೆ. ಆಮೇಲೆ ಇಬ್ಬರು ನದಿಯಲ್ಲಿ ಸ್ಟೀಮ್ ಲಾಂಚ್‌ನಲ್ಲಿ, ಇಬ್ಬರು ದಂಡೆ ಹಿಡಿದು ಕುದುರೆ ಮೇಲೆ, ಇನ್ನಿಬ್ಬರು ಗಾಡಿ ಕಟ್ಟಿಸಿಕೊಂಡು ನೇರ ಕೋಟೆಯತ್ತ. ಹೊತ್ತು ಮುಳುಗೋದರೊಳಗೆ ಪೆಟ್ಟಿಗೆ ಸಿಗಲೇಬೇಕು, ಹಿಮ ಬೇರೆ. ಬೆನ್ನಟ್ಟಿದವರಲ್ಲೊಬ್ಬನಾದ ಜೊನಾಥನ್ ಬಂಡಿ ಮೇಲೆ ಹಾರಿ ಆ ಭಾರದ ಪೆಟ್ಟಿಗೆಯನ್ನು ಎತ್ತಿ ಕೆಳಕ್ಕೆಸೆದು, ಕುಕ್ರಿ ಕತ್ತಿಯಿಂದ ಮುಚ್ಚಳ ಮೀಟುವ ಜಾಗದಲ್ಲಿ ನಾನು ಉಸಿರು ಬಿಗಿಹಿಡಿದೇ ಓದೋದು.

ಆದರೂ ನನಗೆ ತುಂಬಾ ಇಷ್ಟ ಜೊನಾಥನ್‌ನ ಹೆಂಡತಿ ಮೀನಾ. ರೈಲಿನ ವೇಳಾಪಟ್ಟಿ ಅವಳಿಗೆ ಬಾಯಿಪಾಠ. ಕೌಂಟ್ ಯಾವ ನದಿ ಹಿಡಿದು ಹೋಗ್ತಾನೆ ಅಂತ ಮ್ಯಾಪ್ ಹರಡಿಕೊಂಡು ತರ್ಕ ಮಾಡಿ ಹೇಳೋಳೂ ಅವಳೇ. ಎಷ್ಟೋ ಡ್ರಾಕುಲಾ ಸಿನಿಮಾಗಳಲ್ಲಿ ಅಂಥವಳು ಬರೀ ಕಾಪಾಡಬೇಕಾದ ಹೆಂಗಸಾಗಿ ಉಳಿದುಬಿಡೋದು ನೋಡಿದ್ರೆ ನಿಜಕ್ಕೂ ಬೇಜಾರಾಗುತ್ತೆ.