12 ಬೈಟ್‌ಗಳ ತೂತು ಕೊನೆಗೂ ಸಿಕ್ಕಿತು

ದೊಡ್ಡ ಐಪಿವಿ6 (ಇಂಟರ್ನೆಟ್ ಪ್ರೋಟೋಕಾಲಿನ ಹೊಸ ಆವೃತ್ತಿ) ಪ್ಯಾಕೆಟ್‌ಗಳನ್ನು ನನ್ನ ಸಾಫ್ಟ್‌ವೇರ್ ಸ್ವಿಚ್ (ಗೆಸ್ಟ್‌ಗಳ, ಅಂದರೆ ಕಂಪ್ಯೂಟರಿನೊಳಗೆ ಓಡುವ ವರ್ಚುವಲ್ ಕಂಪ್ಯೂಟರ್‌ಗಳ, ಪ್ಯಾಕೆಟ್ ದಾಟಿಸುವ ಪ್ರೋಗ್ರಾಂ) ತುಂಡು ಮಾಡಿ ಕಳಿಸಿದಾಗಲೆಲ್ಲ ವೇಗ ಯಾಕೆ ನೆಲ ಕಚ್ಚುತ್ತಿತ್ತು ಅನ್ನೋದು ಬೈಟ್ ಲೆಕ್ಕದಲ್ಲೇ ಗೊತ್ತಾಯ್ತು! ಗೆಸ್ಟ್‌ಗೂ ಸ್ವಿಚ್‌ಗೂ ನಡುವೆ ಪ್ಯಾಕೆಟ್ ಸಾಗಿಸುವ ವರ್ಟ್‌ಐಓ ಕ್ಯೂ ಕಟ್ಟಿದ ಕಥೆ ಇಲ್ಲಿ ಬಿಡುತ್ತೇನೆ. ತುಂಡು ಮಾಡುವ ನಿಯಮಗಳು ಇಷ್ಟೇ: ಟಿಸಿಪಿಯ (ಡೇಟಾ ಪೂರ್ತಿ ತಲುಪುವಂತೆ ನೋಡಿಕೊಳ್ಳುವ ಪ್ರೋಟೋಕಾಲ್) ಗುರುತುಗಳಲ್ಲಿ ಫಿನ್, ಪುಶ್ ಕೊನೆಯ ತುಂಡಿಗೆ ಮಾತ್ರ, ಸಿಡಬ್ಲ್ಯೂಆರ್ ಮೊದಲನೆಯದಕ್ಕೆ ಮಾತ್ರ, ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿದೆಯೇ ಎಂದು ತಿಳಿಸುವ ಸಂಖ್ಯೆ) ಎಲ್ಲಕ್ಕೂ ಹೊಸದು.

ಕಾಟ ಕೊಟ್ಟಿದ್ದು ಏನೆಂದರೆ, ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ಒಂದೂ ಚೆಕ್‌ಸಮ್ ಕೆಟ್ಟಿರಲಿಲ್ಲ. ತಲುಪಿದ ಫೈಲಿನ ಹ್ಯಾಶ್ (ಬೆರಳಚ್ಚಿನಂಥ ಸಂಖ್ಯೆ) ಕೂಡ ಸರಿ. ಆದರೂ ಫೈಲ್ ತೆವಳುತ್ತಿತ್ತು.

ಮೊದಲು ಅನುಮಾನ ಬಂದದ್ದು ನೆಟ್‌ವರ್ಕ್ ಕಾರ್ಡಿನ ಮೇಲೆ. ಎರಡು ಪೋರ್ಟಿನದು ಕೇಳಿದರೆ ಅಂಗಡಿಯವರು ಕಳಿಸಿದ್ದು ಒಂದು ಪೋರ್ಟಿನದು. ಕಾರ್ಡನ್ನೇ ಬದಿಗಿಟ್ಟು ಎರಡು ಗೆಸ್ಟ್‌ಗಳ ನಡುವೆ ಓಡಿಸಿದೆ. ಅದೇ ನಿಧಾನ.

ದಾರಿ ತೋರಿಸಿದ್ದು ಸ್ಯಾಕ್, ಅಂದರೆ ಯಾವ ಬೈಟ್‌ಗಳು ಬಂದಿವೆ ಎಂದು ಪಡೆಯುವ ಕಡೆ ಕಳಿಸುವ ಟಿಸಿಪಿ ಉತ್ತರ. ಪ್ರತಿ 1,428 ಬೈಟ್‌ಗೊಮ್ಮೆ ಕೊನೆಯ 12 ಬೈಟ್ ಬಂದಿಲ್ಲ ಎಂದು ಆ ಕಡೆಯ ಗೆಸ್ಟ್ ಹೇಳುತ್ತಲೇ ಇತ್ತು. 12 ಅಂದರೆ ಟಿಸಿಪಿ ಹೆಡರಿಗೆ (ಡೇಟಾಕ್ಕೆ ಮುಂಚೆ ಬರುವ ವಿವರ) ಸೇರುವ ಟೈಮ್‌ಸ್ಟ್ಯಾಂಪ್: ಆಪ್ಷನ್ 10, ಜಾಗ ತುಂಬುವ ನೋ-ಆಪ್ 2. ಅಲ್ಲಿಗೆ ಗಂಟು ಬಿಚ್ಚಿತು. ಕಳಿಸುವ ಗೆಸ್ಟ್‌ನಲ್ಲಿರುವುದು ಮೂಡಿಗೆರೆಯ ಗೆಳೆಯ ಬರೆಯುತ್ತಿರುವ ಪುಟ್ಟ ಓಎಸ್. ಅದರ ಡ್ರೈವರ್ ಹೆಡರ್ ಉದ್ದವನ್ನು 74 ಎಂದು ತುಂಬುತ್ತದೆ: ಈಥರ್ನೆಟ್ 14, ಐಪಿವಿ6 40, ಟಿಸಿಪಿ 20. ಟೈಮ್‌ಸ್ಟ್ಯಾಂಪಿನ 12 ಸೇರಿ ನಿಜವಾದ ಉದ್ದ 86. 74ಕ್ಕೆ ಕತ್ತರಿಸಿದರೆ ಮೊದಲ ತುಂಡಿನಲ್ಲಿ ಟೈಮ್‌ಸ್ಟ್ಯಾಂಪೇ ಡೇಟಾದ ಜಾಗ ತಿನ್ನುತ್ತದೆ. ಮುಂದಿನ ತುಂಡುಗಳಲ್ಲಿ ಟಿಸಿಪಿ ಹೆಡರ್ ಉದ್ದ ಹೇಳುವ ಡೇಟಾ ಆಫ್‌ಸೆಟ್ ಇನ್ನೂ 32 ಬೈಟ್ ಎನ್ನುತ್ತಿರುತ್ತದೆ, ಹಾಗಾಗಿ ಅಸಲಿ ಡೇಟಾದ 12 ಬೈಟ್ ಆಪ್ಷನ್ ಲೆಕ್ಕಕ್ಕೆ ಹೋಗುತ್ತದೆ. ಚೆಕ್‌ಸಮ್ ಹಾಕುವುದು ಕತ್ತರಿಸಿದ ಮೇಲೆ, ಅದು ಕೆಡುವ ಪ್ರಶ್ನೆಯೇ ಇಲ್ಲ. ತೂತುಗಳನ್ನು ಟಿಸಿಪಿ ಮತ್ತೆ ಕಳಿಸಿ ಕಳಿಸಿ ಮುಚ್ಚುತ್ತದೆ. ಎಷ್ಟು ಚೆಂದದ ಪ್ರೋಟೋಕಾಲ್ ಇದು, ಇಷ್ಟು ಹಾಳಾದರೂ ಫೈಲನ್ನು ಕೆಡಿಸಲಿಲ್ಲ!

ವರ್ಟ್‌ಐಓದಲ್ಲಿ ಹೆಡರ್ ಉದ್ದದ ಫೀಚರ್ ಎರಡೂ ಕಡೆ ಒಪ್ಪಿಗೆಯಾಗದಿದ್ದರೆ ಆ ಸಂಖ್ಯೆ ಬರೀ ಸುಳಿವು. ಈಗ ಸ್ವಿಚ್ ತಾನೇ ಓದುತ್ತದೆ. ಈಥರ್‌ಟೈಪ್ (ಒಳಗಿರುವುದು ಯಾವ ಬಗೆ ಎನ್ನುವ ಸಂಖ್ಯೆ) ಹೆಕ್ಸ್ 8100, ಅಂದರೆ ವಿಲ್ಯಾನ್ ಗುರುತು, ಆದರೆ 4 ಬೈಟ್ ಮುಂದೆ. ಐಪಿವಿ4 ಆದರೆ ಹೆಡರ್ ಉದ್ದ ಹೇಳುವ ಐಎಚ್‌ಎಲ್ ಅನ್ನು 4ರಿಂದ ಗುಣಿಸು. ಟಿಸಿಪಿ ಉದ್ದ 20ಕ್ಕಿಂತ ಕಡಿಮೆ ಬಂದರೆ ಪ್ಯಾಕೆಟನ್ನೇ ಎಸೆ. ಪ್ರತಿ ಹೆಜ್ಜೆಗೂ ಮುಂಚೆ ಅಷ್ಟು ಬೈಟ್ ಕೈಯಲ್ಲಿದೆಯೇ ಎಂದು ನೋಡಲೇಬೇಕು. ಹೆಡರ್ ಎರಡು ಡಿಸ್ಕ್ರಿಪ್ಟರ್‌ಗಳಲ್ಲಿ (ಕ್ಯೂ ತೋರಿಸುವ ಬೇರೆ ಬೇರೆ ಮೆಮೊರಿ ಜಾಗಗಳಲ್ಲಿ) ಹಂಚಿಹೋಗಿರಬಹುದು, ಅದಕ್ಕೇ ಮೊದಲ 256 ಬೈಟನ್ನು ಒಂದೇ ಬಫರಿಗೆ ನಕಲು ಮಾಡಿಕೊಳ್ಳುತ್ತೇನೆ.

ಇದನ್ನು ಬರೆಯುವಾಗಲೇ ವಿಎಕ್ಸ್‌ಲ್ಯಾನ್ (ಒಂದು ನೆಟ್‌ವರ್ಕಿನ ಪ್ಯಾಕೆಟನ್ನು ಇನ್ನೊಂದರ ಪ್ಯಾಕೆಟಿನೊಳಗೆ ಸುತ್ತಿ ಕಳಿಸುವ ವಿಧಾನ) ಆಸೆ ಹುಟ್ಟಿತು! ಗೆಳೆಯನ ತೋಟದ ಮನೆಗೂ ನನ್ನ ಮನೆಗೂ ಒಂದೇ ನೆಟ್‌ವರ್ಕ್: ಯುಡಿಪಿ ಪೋರ್ಟ್ 4789, ಒಳಗೆ ಇನ್ನೊಂದು ಈಥರ್ನೆಟ್, ಹೆಡರ್ ಓದುವ ಇದೇ ಪಾರ್ಸರ್ ಎರಡು ಸಲ. ಐಪಿವಿ4 ಮೇಲಾದರೆ ಹೊದಿಕೆಗೇ 50 ಬೈಟ್. ಮಳೆ ತಗ್ಗಿ ಅವನ ಕಡೆ ಕರೆಂಟ್ ನೆಟ್ಟಗಾದ ಮೇಲೆ ಶುರು.

ಅದಕ್ಕೂ ಮುಂಚೆ ಐಪಿವಿ6 ಎಕ್ಸ್‌ಟೆನ್ಶನ್ ಹೆಡರ್ (ಮೂಲ ಹೆಡರ್ ನಂತರ ಬರುವ ಹೆಚ್ಚುವರಿ ಹೆಡರ್) ಸರಪಳಿ ಮುಗಿಸಬೇಕು. ಹೆಚ್ಚಿನವುಗಳ ಉದ್ದ 8 ಬೈಟ್ ಲೆಕ್ಕದಲ್ಲಿ, ಮೊದಲ 8 ಬಿಟ್ಟು. ಎಎಚ್ (ದೃಢೀಕರಣದ ಹೆಡರ್) ಮಾತ್ರ 4ರ ಲೆಕ್ಕದಲ್ಲಿ. ಫ್ರಾಗ್ಮೆಂಟ್ ಹೆಡರ್ (ಸಂಖ್ಯೆ 44) ಕಂಡರೆ ತುಂಡು ಮಾಡದೆ ಎಸೆಯುತ್ತೇನೆ. ಹಾಪ್-ಬೈ-ಹಾಪ್ (ಇದೂ ಒಂದು ಎಕ್ಸ್‌ಟೆನ್ಶನ್ ಹೆಡರ್) ಇರುವ ಟಿಸಿಪಿ ಕ್ಯಾಪ್ಚರ್ (ಹಿಡಿದಿಟ್ಟ ಪ್ಯಾಕೆಟ್‌ಗಳ ಫೈಲ್) ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕೊಡಿ, ಇಲ್ಲಿ ಒಂದೂ ಸಿಕ್ಕಿಲ್ಲ.