ಬೀಗ ಹಾಕಿದ ಕೊಠಡಿ

ಇವತ್ತು ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ, ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ಉಳಿದ ಪುಟಗಳನ್ನೆಲ್ಲ ಖಾಲಿ ಬಿಟ್ಟಿದ್ದ ಪತ್ರಿಕೆಯೊಂದು ಕೈಗೆ ಬಂತು. ಹಳ್ಳಿಯಿಂದ (ಊರಿನ ಹೆಸರು ಬೇಡ) ಬಂದು ದಾವಣಗೆರೆಯ ಹಾಸ್ಟೆಲ್‌ನಲ್ಲಿರುವ ಹುಡುಗಿಯದು. ಕರೆಸಿ ಕೇಳಿದರೆ, "ಏನಿಲ್ರಿ ಮೇಡಂ, ನಿದ್ದಿ ಬರ್ತಿಲ್ಲ ಅಷ್ಟೆ" ಎಂದಳು; ಮಾತಾಡಿದಷ್ಟು ಹೊತ್ತೂ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಮೊದಲಾಗಿದ್ದರೆ ಬುದ್ಧಿ ಹೇಳಲು ಕೂರುತ್ತಿದ್ದೆ, ಈಗ ಆ ಚಟ ಬಿಟ್ಟಿದ್ದೇನೆ.

ನಮ್ಮಲ್ಲೂ ಆಪ್ತ ಸಮಾಲೋಚನೆಯ ಕೊಠಡಿಯೊಂದಿದೆ; ಬಾಗಿಲಿಗೆ ಫಲಕವಿದೆ, ಬೀಗವೂ ಇದೆ, ಒಳಗೆ ಹಳೆಯ ಪತ್ರಿಕೆಗಳ ಕಟ್ಟುಗಳಿವೆ. ಹಾಗಾಗಿ ನನ್ನ ಕೋಣೆಯಲ್ಲೇ ಕೂರಿಸಿ, ಅವಳಿಂದಲೇ 14416ಕ್ಕೆ ಕರೆ ಮಾಡಿಸಿ ನಾನು ಹೊರಗೆ ನಿಂತೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ ದಿನದ 24 ಗಂಟೆಯೂ ಉಚಿತವಾಗಿದ್ದು, ಕನ್ನಡದಲ್ಲೇ ಮಾತಾಡಬಹುದು, ಅಗತ್ಯ ಕಂಡರೆ ಮನೋವೈದ್ಯರ ಸಲಹೆಯೂ ಸಿಗುತ್ತದೆ ಎಂಬುದು ನಮ್ಮ ಅಧ್ಯಾಪಕರಲ್ಲೇ ಎಷ್ಟೋ ಜನರಿಗೆ ತಿಳಿದಿಲ್ಲ. ಸಂಖ್ಯೆ ಕೊಟ್ಟು ಕಳಿಸಿದರೆ ಸಾಲದು, ಮೊದಲ ಕರೆಯ ಹೊತ್ತಿಗೆ ಯಾರಾದರೂ ಹತ್ತಿರವಿರಬೇಕು ಎಂದೇ ನನ್ನ ಅನಿಸಿಕೆ.

ಇಪ್ಪತ್ತು ನಿಮಿಷದ ನಂತರ ಹೊರಬಂದವಳು ಕೇಳಿದ್ದು ಒಂದೇ ಮಾತು: "ಮನ್ಯಾಗ ಗೊತ್ತಾಗಂಗಿಲ್ಲ ಅಲ್ರಿ ಮೇಡಂ?" ಸೋಮವಾರ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಜೊತೆಗೇ ಹೋಗುವುದೆಂದು ಇಬ್ಬರೂ ಒಪ್ಪಿಕೊಂಡೆವು.