ವಿಯೆನ್ನಾದ ಮ್ಯೂಸಿಯಂಗಳು: ಅಮ್ಮನ ಜೊತೆ ಒಂದು ವಾರ

ವಿಯೆನ್ನಾಕ್ಕೆ ಹೊರಡುವ ಮುಂಚೆ ಯಾವ ಮ್ಯೂಸಿಯಂಗೆ ಯಾವತ್ತು ರಜೆ ಅಂತ ಬರೆದಿಟ್ಟುಕೊಳ್ಳಿ. ನಾವು ಅದನ್ನು ಮಾಡಿರಲಿಲ್ಲ. ಅಕ್ಟೋಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಏಜೆಂಟರು ಕೊಟ್ಟ ಪಟ್ಟಿ ನಂಬಿಕೊಂಡು ಸೋಮವಾರ ಬೆಳಗ್ಗೆ ಕುನ್ಸ್ಟ್‌ಹಿಸ್ಟೋರಿಶೆಸ್ ಅನ್ನುವ ಕಲಾ ಮ್ಯೂಸಿಯಂಗೆ ಹೋದೆವು. ಬಾಗಿಲು ಹಾಕಿತ್ತು. ಯುರೋಪಿನ ಬೇಸಿಗೆ ತಿಂಗಳು ಬಿಟ್ಟರೆ ಅಲ್ಲಿ ಸಾಮಾನ್ಯವಾಗಿ ಸೋಮವಾರ ರಜೆ. ಹೋಗುವ ಮುಂಚೆ ಅವರ ವೆಬ್‌ಸೈಟ್ ಒಮ್ಮೆ ನೋಡಿಬಿಡಿ.

ಅದೇ ಚೌಕದಲ್ಲಿ, ಎದುರಿಗೆ, ಅವಳಿ ಹಾಗೆ ಇನ್ನೊಂದು ಕಟ್ಟಡ ಇದೆ. ಅದು ನಾಟುರ್‌ಹಿಸ್ಟೋರಿಶೆಸ್, ಅಂದರೆ ಪ್ರಕೃತಿ ಇತಿಹಾಸದ ಮ್ಯೂಸಿಯಂ. ಅದಕ್ಕೆ ರಜೆ ಮಂಗಳವಾರ. ಹಾಗಾಗಿ ಸುಮ್ನೆ ಅಲ್ಲಿಗೆ ನುಗ್ಗಿದೆವು. ಅಲ್ಲಿ ಒಂದು ಸಣ್ಣ ಕತ್ತಲೆ ಕೋಣೆಯಲ್ಲಿ ವಿಲೆನ್‌ಡಾರ್ಫ್‌ನ ವೀನಸ್ ಇದೆ. ಬರೀ 11 ಸೆಂಟಿಮೀಟರ್ ಎತ್ತರದ ಸುಣ್ಣಕಲ್ಲಿನ ಗೊಂಬೆ. ವಯಸ್ಸು ಸುಮಾರು 29,500 ವರ್ಷ. 1908ರಲ್ಲಿ ಡ್ಯಾನ್ಯೂಬ್ ಕಣಿವೆಯ ಒಂದು ಹಳ್ಳಿಯಲ್ಲಿ ಸಿಕ್ಕಿತು. ಮುಖವೇ ಇಲ್ಲ, ತಲೆಯ ಸುತ್ತ ಸಾಲು ಸಾಲಾಗಿ ಜಡೆ ಹೆಣೆದ ಹಾಗೆ ಕೊರೆದಿದ್ದಾರೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಆದರೆ ಅಮ್ಮ ಅದರ ಮುಂದಿನಿಂದ ಕದಲಲಿಲ್ಲ.

ಸೋಮವಾರ ಬಾಗಿಲು ಹಾಕಿದ್ದ ಕಲಾ ಮ್ಯೂಸಿಯಂಗೆ ಗುರುವಾರ ಮತ್ತೆ ಹೋದೆವು. ನಿಮಗೂ ನಾನು ಹೇಳುವುದು ಗುರುವಾರವೇ. ಉಳಿದ ದಿನ ಸಂಜೆ 6ಕ್ಕೆ ಮುಚ್ಚಿದರೆ, ಅವತ್ತು ರಾತ್ರಿ 9ರವರೆಗೆ ತೆರೆದಿರುತ್ತದೆ. ನಾವು 4 ಗಂಟೆಗೆ ಹೋದೆವು. 6 ಆದಮೇಲೆ ಗುಂಪುಗಳೆಲ್ಲ ಕರಗಿ ಕೋಣೆಗಳು ಶಾಂತವಾದವು. ಟಿಕೆಟ್ ಒಬ್ಬರಿಗೆ 20 ಯೂರೋಗಿಂತ ಜಾಸ್ತಿ, 19 ವರ್ಷದೊಳಗಿನವರಿಗೆ ಉಚಿತ. ದೊಡ್ಡ ಬ್ಯಾಗು, ಕೋಟು, ಛತ್ರಿ ಕೆಳಗೆ ಕೊಟ್ಟು ಹೋಗಬೇಕು. ಮಂಡಿನೋವಿದ್ದವರಿಗೆ ಲಿಫ್ಟ್ ಇದೆ. ಆದರೂ ದೊಡ್ಡ ಮೆಟ್ಟಿಲ ಹತ್ತಿರ ನಿಂತು ಮೇಲೆ ನೋಡಿ. ಕಂಬಗಳ ನಡುವಿನ ಚಿತ್ರಗಳಲ್ಲಿ ಕೆಲವು ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್ ಬರೆದವು, ಆಗಿನ್ನೂ ಅವನಿಗೆ ಮೂವತ್ತು ತುಂಬಿರಲಿಲ್ಲ.

ಕಾಲಲ್ಲಿ ಶಕ್ತಿ ಇರುವಾಗಲೇ ಮೊದಲ ಮಹಡಿಯಲ್ಲಿರುವ, 16ನೇ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಕೋಣೆಗೆ ನೇರ ಹೋಗಿ. ಉಳಿದದ್ದು ಆಮೇಲೆ. ಅವನ ಚಿತ್ರಗಳಲ್ಲಿ ಇವತ್ತಿಗೆ ಉಳಿದಿರುವುದೇ ಸುಮಾರು 40, ಅದರಲ್ಲಿ 12 ಇಲ್ಲಿವೆ. ಜಗತ್ತಿನ ಬೇರೆ ಯಾವ ಊರಲ್ಲೂ ಇಷ್ಟು ಒಟ್ಟಿಗೆ ಸಿಗುವುದಿಲ್ಲ.

1560ರಲ್ಲಿ ಬರೆದ 'ಮಕ್ಕಳ ಆಟಗಳು' ಚಿತ್ರದ ಮುಂದೆ ಅಮ್ಮ ಬಗ್ಗಿ ನೋಡುತ್ತಿದ್ದಳು. ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟಗಳು. "ಇಲ್ನೋಡೇ, ಕಲ್ಲಾಡ್ತಿದಾರೆ!" ಅಂದಳು. ನಿಜ, ಎಡಗಡೆ ಕೆಳಮೂಲೆಯಲ್ಲಿ ಇಬ್ಬರು ಕೂತು ಮೂಳೆಚೂರು ಹಿಡಿದು ಆಡುತ್ತಿದ್ದಾರೆ. ಥೇಟ್ ನಮ್ಮ ಕಲ್ಲಾಟ. ಆಮೇಲೆ ಒಂದೊಂದೇ ಹುಡುಕುತ್ತಾ ಹೋದಳು. ಬುಗುರಿ ಸಿಕ್ಕಿತು. ಮರಗಾಲು ಸಿಕ್ಕಿತು. ದೊಡ್ಡ ಬಳೆ ಉರುಳಿಸುವವರು, ಕಣ್ಣಿಗೆ ಬಟ್ಟೆ ಮುಚ್ಚಿ ಆಡುವವರು, ಎಲ್ಲ ಸಿಕ್ಕಿದರು. ತೀರ್ಥಹಳ್ಳಿಯ ಅಂಗಳದಲ್ಲಿ ಅವಳು ಆಡಿದ ಆಟಗಳು! ಒಂದೇ ಎಚ್ಚರಿಕೆ, ತೋರಿಸುವ ಭರದಲ್ಲಿ ಬೆರಳನ್ನು ಚಿತ್ರದ ಹತ್ತಿರ ಒಯ್ಯಬೇಡಿ. ಕಾವಲಿನವರು ತಕ್ಷಣ ಬರುತ್ತಾರೆ.

ಅಲ್ಲೇ 1565ರ 'ಹಿಮದಲ್ಲಿ ಬೇಟೆಗಾರರು' ಇದೆ. ಬೇಟೆಗಾರರು ಸೋತು ಮನೆಗೆ ಬರುತ್ತಿದ್ದಾರೆ, ಸಿಕ್ಕಿದ್ದು ಒಂದೇ ಒಂದು ನರಿ. ನಾಯಿಗಳೂ ತಲೆ ತಗ್ಗಿಸಿವೆ. ಇಷ್ಟು ಎಲ್ಲರಿಗೂ ಕಾಣುತ್ತದೆ. ಇನ್ನೂ ಸ್ವಲ್ಪ ಹೊತ್ತು ನೋಡಿ. ಸೇತುವೆ ಮೇಲೆ ಒಬ್ಬಳು ಸೌದೆ ಹೊರೆ ಹೊತ್ತು ನಡೆದಿದ್ದಾಳೆ. ದೂರದಲ್ಲಿ ಒಂದು ಮನೆಯ ಚಿಮಣಿಗೆ ಬೆಂಕಿ ಹತ್ತಿದೆ, ಜನ ಏಣಿ ತಂದಿದ್ದಾರೆ. ಇದೆಲ್ಲ ಫೋನಿನ ಫೋಟೋದಲ್ಲಿ ಕಾಣಲ್ಲ. ಮೆತ್ತನೆ ಸೋಫಾಗಳಿವೆ. ಕೂತು ದಣಿವಾರಿಸಿಕೊಂಡು ಮತ್ತೆ ಎದ್ದು ನೋಡಬಹುದು. ನಾವು ಆ ಒಂದು ಕೋಣೆಯಲ್ಲೇ ಒಂದೂವರೆ ಗಂಟೆ ಇದ್ದೆವು. ಈಜಿಪ್ಟ್ ವಿಭಾಗ ಬಿಟ್ಟೇ ಹೋಯಿತು, ಅದಕ್ಕೆ ನನಗೆ ಬೇಜಾರಿಲ್ಲ.

ಊಟದ ಚಿಂತೆ ಬೇಡ. ನಾಶ್‌ಮಾರ್ಕ್ಟ್ ಸಂತೆಯಲ್ಲಿ ಫಲಾಫೆಲ್ ಅನ್ನುವ ಕಡಲೆ ವಡೆ ಸಿಗುತ್ತದೆ. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಊಟೆಗಳಿಂದ ಬರುವುದು, ಧೈರ್ಯವಾಗಿ ಕುಡಿಯಿರಿ, ಬಾಟಲಿ ಕೊಳ್ಳಬೇಡಿ.

ಇತಿಹಾಸ ಇಷ್ಟ ಇದ್ದವರು ಆರ್ಸೆನಲ್ ಅನ್ನುವ ಹಳೇ ಸೇನಾ ಆವರಣದಲ್ಲಿರುವ ಸೇನಾ ಮ್ಯೂಸಿಯಂ ಬಿಡಬೇಡಿ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ಮತ್ತು ಅವನ ಹೆಂಡತಿ ಸೋಫಿ ಗುಂಡೇಟು ತಿಂದ ಕಾರು ಅಲ್ಲಿದೆ. ರಕ್ತದ ಕಲೆಯಿರುವ ಅವನ ಸಮವಸ್ತ್ರದ ಅಂಗಿಯೂ ಇದೆ. ಒಂದು ತಿಂಗಳಲ್ಲಿ ಮೊದಲ ಮಹಾಯುದ್ಧ ಶುರುವಾಗಿತ್ತು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಉತ್ತರ ಅದು. ಆ ಅಂಗಿಯನ್ನು ನೋಡಿದ ಮೇಲೆ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ.

ಅದಕ್ಕೇ ಈ ಮ್ಯೂಸಿಯಂ ಬೆಳಗ್ಗೆ ಮುಗಿಸಿ. ಅಲ್ಲಿಂದ ನಡೆದೇ ಮೇಲಿನ ಬೆಲ್ವೆಡೇರ್ ಅರಮನೆಗೆ ಹೋಗಬಹುದು. ಕ್ಲಿಮ್ಟ್‌ನ 'ಮುತ್ತು' (ದಿ ಕಿಸ್) ಚಿತ್ರ ಇರುವುದು ಅಲ್ಲಿ. ಅದಕ್ಕೆ ಗಂಟೆ ಗೊತ್ತುಮಾಡಿದ ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ, ಮಧ್ಯಾಹ್ನ 2ರ ಮೇಲಿನದು. ನೋಡಿ ಮುಗಿದ ಮೇಲೆ ತೋಟದಲ್ಲಿ ಕೂತುಕೊಳ್ಳಿ. ವಾಪಸ್ ಬರಲು ಗೇಟಿನ ಹತ್ತಿರವೇ 'D' ಅಂತ ಬರೆದ ಟ್ರಾಮ್ ಸಿಗುತ್ತದೆ.